ಹೆಣ್ಣಾಳು ಪಟ್ಟಿಯಲ್ಲಿ ಗುರುವಯ್ಯ

ತೋಟದ ಹಾಜರಿ, ಲೆಕ್ಕ ಬರೆಯುವ ರೈಟರ್ ರಾಜೇಶ್ ಬೆಳಿಗ್ಗೆ ಏಳೂವರೆಗೆ ಕಾಫಿ ಕಣದಲ್ಲಿ ನಿಂತು ಎರಡು ಪಟ್ಟಿ ಓದುತ್ತಿದ್ದ. ಮೊದಲು ಗಂಡಾಳು, ಆಮೇಲೆ ಹೆಣ್ಣಾಳು. ಕಳಸದಿಂದ ಎಂಟು ಕಿಲೋಮೀಟರ್ ಆಚೆಗಿನ ಆ ತೋಟದಲ್ಲಿ ಮೂರನೆಯ ಪಟ್ಟಿ ಎಂಬುದು ಇರಲೇ ಇಲ್ಲ. ನವೆಂಬರ್ ಎರಡನೇ ವಾರದ ಸೋಮವಾರ ಅವನು ಗಂಡಾಳುಗಳನ್ನೆಲ್ಲ ಓದಿ ಮುಗಿಸಿದರೂ ಗುರುವಯ್ಯನ ಹೆಸರು ಬರಲಿಲ್ಲ.

"ರೈಟ್ರೇ, ನನ್ನ ಹೆಸ್ರು ಬಿಟ್ಟುಹೋಯ್ತು."

"ಎಲ್ಲೂ ಬಿಟ್ಟಿಲ್ಲ ಗುರುವಯ್ಯ. ಬರುತ್ತೆ, ತಡೀರಿ."

ಬಂತು. ಗುರುವಯ್ಯನ ಹೆಂಡತಿ ಗಿಡ್ಡಮ್ಮ, ಸೊಸೆ ಯಶೋದಾ, ಪಕ್ಕದ ಮನೆಯ ರುದ್ರಾಣಿ, ಇನ್ನೂ ಹದಿನೆಂಟು ಹೆಂಗಸರ ಹೆಸರಾದ ಮೇಲೆ ಕೊನೆಗೆ ಗುರುವಯ್ಯ. ಯಾರೋ ಕಿಸಕ್ಕನೆ ನಕ್ಕರು. ರಾಜೇಶ್ ಜೇಬಿನಿಂದ ಒಂದು ಚೀಟಿ ತೆಗೆದು, ತನ್ನದೇನೂ ತಪ್ಪಿಲ್ಲ ಎಂದು ತೋರಿಸುವುದಕ್ಕಾಗಿ ಅದನ್ನೂ ಜೋರಾಗಿ ಓದಿದ.

"ಆಸ್ಪತ್ರೆದು. ಪ್ರಾಸ್ಟೇಟ್ ಕ್ಯಾನ್ಸರ್. ಹಾರ್ಮೋನ್ ಇಂಜೆಕ್ಷನ್ ಕೊಡ್ತಾ ಇದಾರೆ, ಮೂಳೆ ಬಲ ಕಮ್ಮಿ ಆಗುತ್ತೆ, ಏಣಿ ಹತ್ತಿಸ್ಬೇಡಿ, ಭಾರ ಹೊರಿಸ್ಬೇಡಿ ಅಂತ ಬರ್ದಿದಾರೆ. ಏಣಿ ಇಲ್ಲ ಅಂದ್ರೆ ಗಂಡಾಳಿಗೆ ನಾನೇನು ಕೆಲ್ಸ ಕೊಡ್ಲಿ? ನೀವೇ ಹೇಳಿ."

ಚೀಟಿ ತಂದುಕೊಟ್ಟವಳು ಯಶೋದಾ. ಮಾವನಿಗೆ ಒಳ್ಳೆಯದಾಗಲಿ ಎಂದೇ ತಂದಿದ್ದಳು. ಅವಳ ಕಿವಿ ಕೆಂಪಾಯಿತು. ಗಿಡ್ಡಮ್ಮ ಕುಕ್ಕೆ ಎತ್ತಿಕೊಂಡು, "ನಡೀರಿ, ಇಲ್ಲಿ ನಿಂತ್ರೆ ಹಣ್ಣು ತಾನೇ ಬಂದು ಕುಕ್ಕೆಗೆ ಬೀಳಲ್ಲ," ಎಂದಳು. ಗುರುವಯ್ಯ ಹೆಂಗಸರ ಹಿಂದೆ ಇಪ್ಪತ್ತು ಮಾರು ದೂರ ಬಿಟ್ಟು ನಡೆದ.

ಐವತ್ತೇಳು ವರ್ಷದ ಗುರುವಯ್ಯ ಆ ತೋಟದಲ್ಲಿ ಕಾಳುಮೆಣಸು ಕೊಯ್ಯುವ ಆಳು. ಒಂಟಿ ಬಿದಿರಿನ ಏಣಿ ಹತ್ತಿ ಸಿಲ್ವರ್ ಮರದ ನಲವತ್ತು ಅಡಿ ಎತ್ತರದಲ್ಲಿ ಬಳ್ಳಿಯಿಂದ ಗೆರೆ, ಅಂದರೆ ಮೆಣಸಿನ ಗೊಂಚಲು, ಬಿಡಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಸಾಹುಕಾರರು ಬೇರೆ ತೋಟದವರೆದುರು, "ನಮ್ಮ ಗುರುವಯ್ಯ ಇದಾನಲ್ಲ," ಎಂದು ಹೇಳಿಕೊಳ್ಳುತ್ತಿದ್ದರು. ಅಕ್ಟೋಬರಿನಲ್ಲಿ ಅವನಿಗೆ ಮೂತ್ರ ಕಟ್ಟಿಕೊಂಡಿತು. ಕಳಸದಲ್ಲಿ ನಳಿಕೆ ಹಾಕಿ ಮಂಗಳೂರಿಗೆ ಕಳಿಸಿದರು. ಅಲ್ಲಿ ರಕ್ತ ಪರೀಕ್ಷೆಯ ಲೆಕ್ಕ ನಾಲ್ಕರೊಳಗೆ ಇರಬೇಕಾದದ್ದು ನಲವತ್ತಾರು ಬಂತು. ಗಡ್ಡೆಯ ಚೂರು ಕತ್ತರಿಸಿ ನೋಡಿದರು, ಸ್ಕ್ಯಾನ್ ಮಾಡಿದರು. ಬೇರೆ ಕಡೆಗೆ ಹಬ್ಬಿಲ್ಲ, ಆದರೆ ಹಬ್ಬುವ ಜಾತಿಯದು ಎಂದರು.

ಜೊತೆಗೆ ಹೋಗಿದ್ದವಳು ಯಶೋದಾ. ಮನೆಯಲ್ಲಿ ಪಿಯುಸಿವರೆಗೆ ಓದಿದವಳು ಅವಳೊಬ್ಬಳೇ. ಡಾಕ್ಟರಮ್ಮ ಅವಳಿಗೆ ಒಂದು ಹಾಳೆಯಲ್ಲಿ ಚಿತ್ರ ಬರೆದು ವಿವರಿಸಿದ್ದರು.

ಮನೆಗೆ ಬಂದ ದಿನ ಯಶೋದಾ ಅದನ್ನೇ ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದಳು. "ಗಂಡಸ್ರ ಮೈಲಿ ಒಂದು ಹಾರ್ಮೋನ್ ಇರುತ್ತಂತೆ. ಈ ಗಡ್ಡೆಗೆ ಅದೇ ಊಟ. ಇಂಜೆಕ್ಷನ್ ಆ ಊಟ ನಿಲ್ಸುತ್ತೆ. ಮೂರು ತಿಂಗ್ಳಿಗೊಂದು, ಎರಡು ವರ್ಷ. ಗಡ್ಡೆ ಸೊರಗಿದ ಮೇಲೆ ಫೆಬ್ರವರಿಲಿ ಕಿರಣ ಕೊಡ್ತಾರೆ, ಇಪ್ಪತ್ತು ದಿನ. ಎರಡೂ ಆಗ್ಬೇಕು. ಒಂದೇ ಆದ್ರೆ ಸಾಲಲ್ಲ ಅಂತ ಮೂರು ಸಲ ಹೇಳಿದಾರೆ."

"ಆ ಊಟ ನಿಲ್ಸಿದ್ರೆ ಅಪ್ಪನಿಗೆ ಎಂತ ಆಗುತ್ತೆ?" ಎಂದ ದೇವೇಂದ್ರ. ಅವನು ಗುರುವಯ್ಯನ ಒಬ್ಬನೇ ಮಗ, ಯಶೋದಾಳ ಗಂಡ, ತೋಟದ ಟ್ರ್ಯಾಕ್ಟರ್ ಡ್ರೈವರ್.

"ಸುಸ್ತಾಗುತ್ತೆ. ಸೆಕೆ ಬರುತ್ತೆ. ಮತ್ತೆ..." ಯಶೋದಾ ಮಾವನ ಮುಖ ನೋಡದೆ ಒಣಮೀನಿನ ಸಾರು ಬಡಿಸಿದಳು. "ಎದೆ ಸ್ವಲ್ಪ ನೋಯ್ಬಹುದು. ಹಂಗಂತೆ."

ಗುರುವಯ್ಯ ಅನ್ನ ಕಲೆಸುತ್ತಲೇ ಇದ್ದ. ತಿನ್ನಲಿಲ್ಲ.

ಡಿಸೆಂಬರಿನಲ್ಲಿ ಆಳುಗಳಿರುವ ಲೈನ್ ಮನೆಗಳ ಮುಂದೆ ಎಲ್ಲರೂ ಸ್ವೆಟರ್ ಹಾಕಿಕೊಂಡು ಒಲೆಯ ಹತ್ತಿರ ಕೂರುವ ಹೊತ್ತಿನಲ್ಲಿ ಗುರುವಯ್ಯ ಅಂಗಿ ಬಿಚ್ಚಿ ಜಗಲಿಯಲ್ಲಿ ಕೂರುತ್ತಿದ್ದ. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಎಂಟನೇ ಕ್ಲಾಸಿನ ಮೊಮ್ಮಗಳು ಧನ್ಯಾ ಅಜ್ಜನಿಗೆ ನೋಟ್‌ಬುಕ್ಕಿನಿಂದ ಗಾಳಿ ಹಾಕಿದಳು.

"ಅಜ್ಜ, ಜ್ವರನಾ?"

"ಎಂತದೂ ಇಲ್ಲ. ನೀನು ಓದ್ಕೋ ಹೋಗು."

"ಅದು ಜ್ವರ ಅಲ್ಲ," ಎಂದಳು ಗಿಡ್ಡಮ್ಮ, ಒಳಗಿನಿಂದ ಅಕ್ಕಿರೊಟ್ಟಿ ತಟ್ಟುತ್ತಲೇ. "ಮುಟ್ಟು ನಿಲ್ಲೋ ಕಾಲಕ್ಕೆ ನಂಗೂ ಹಿಂಗೇ. ಆರು ವರ್ಷ ಬೆವರಿದೀನಿ. ಕುಕ್ಕೆ ಕಟ್ಕೊಂಡು ಹಣ್ಣು ಕೀಳ್ತಾನೇ ಬೆವರಿದೀನಿ. ಯಾವ ರೈಟ್ರೂ ಕಣದಲ್ಲಿ ನಿಂತು ಓದಿ ಹೇಳ್ಲಿಲ್ಲ."

"ಬಾಯ್ಮುಚ್ಚು ಮಾರಾಯ್ತಿ. ಹುಡುಗಿ ಮುಂದೆ."

"ಹುಡುಗಿಗೂ ಗೊತ್ತಾಗ್ಲಿ."

ಕಾಫಿ ಹಣ್ಣಿನ ಕೊಯ್ಲಿನ ಆ ದಿನಗಳಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಭಾರ ಹೊರಿಸಬೇಡಿ ಎಂದು ಚೀಟಿ ಇದ್ದದ್ದಕ್ಕೆ ಗುರುವಯ್ಯನನ್ನು ಹೆಣ್ಣಾಳುಗಳಿಗೆ ಸೇರಿಸಿದ್ದರು. ಸಂಜೆ ನಾಲ್ಕಕ್ಕೆ ಹೆಣ್ಣಾಳುಗಳು ಹಣ್ಣಿನ ಚೀಲವನ್ನು ತಲೆಯ ಮೇಲೆ ಹೊತ್ತು ಏರು ಹತ್ತಿ ತೂಕದ ಜಾಗಕ್ಕೆ ತರಬೇಕು. ಒಂದೊಂದು ಚೀಲ ಮೂವತ್ತೈದು ಕೆ.ಜಿ.ಗೆ ಕಮ್ಮಿ ಇರುತ್ತಿರಲಿಲ್ಲ. ಅದನ್ನು ಭಾರವೆಂದು ಯಾರೂ ಎಣಿಸಿರಲಿಲ್ಲ. ಗಿಡ್ಡಮ್ಮ ತನ್ನ ಚೀಲವನ್ನು ಮೇಲೆ ಇಟ್ಟು, ಮತ್ತೆ ಇಳಿದು ಗಂಡನ ಚೀಲ ಹೊತ್ತು ತರುತ್ತಿದ್ದಳು. ಎರಡನೆಯ ಸಲ ಏರು ಹತ್ತುವಾಗ ಅವಳ ಮಂಡಿ ನಡುಗುತ್ತಿತ್ತು. ಗುರುವಯ್ಯ ಮುಂದೆ ಮುಂದೆ ನಡೆದುಬಿಡುತ್ತಿದ್ದ. ಹೆಂಡತಿ ತನ್ನ ಚೀಲ ಹೊತ್ತದ್ದನ್ನು ಜನ ನೋಡುವಾಗ ಅವನಿಗೆ ಅಲ್ಲಿರುವುದು ಬೇಡವಾಗಿತ್ತು.

ಗಂಡಾಳುಗಳು ಸುಮ್ಮನಿರಲಿಲ್ಲ. ಟ್ರ್ಯಾಕ್ಟರಿಗೆ ಮೂಟೆ ತುಂಬುವಾಗ ದೇವೇಂದ್ರನನ್ನು ಕೇಳಿದರು: "ನಿಮ್ಮಪ್ಪಂಗೆ ಸಂಕ್ರಾಂತಿಗೆ ಸೀರೆ ತಂದ್ಯೇನಾ?" ಇನ್ನೊಬ್ಬ, "ರವಿಕೆ ಹೊಲಿಸ್ಬೇಕಾಗುತ್ತಂತೆ, ಇಂಜೆಕ್ಷನ್ ಹಂಗಿದ್ಯಂತೆ," ಎಂದ. ದೇವೇಂದ್ರ ನಕ್ಕಹಾಗೆ ಮಾಡಿದ. ಮನೆಗೆ ಬಂದು ಯಶೋದಾಳ ಮೇಲೆ ಹರಿಹಾಯ್ದ.

"ಆ ಚೀಟಿ ಯಾರು ಕೊಡು ಅಂದಿದ್ರು ನಿಂಗೆ?"

"ಕೊಡ್ದೆ ಇದ್ದಿದ್ರೆ ಮಾವ ಏಣಿ ಹತ್ತೋರು. ಬಿದ್ದಿದ್ರೆ?"

"ಮೂವತ್ತು ವರ್ಷದಿಂದ ಬೀಳ್ದಿರೋರು ಈಗ ಬೀಳ್ತಾರಾ? ಮನೆ ಮರ್ಯಾದೆ ಬೀಳ್ತು ನೋಡು, ಅದು."

"ನಾನು, ಅತ್ತೆ ದಿನಾ ಅದೇ ಪಟ್ಟಿಲಿ ಇದೀವಲ್ಲ, ಆವಾಗ ಬೀಳ್ಲಿಲ್ವಾ ಮರ್ಯಾದೆ?"

"ನೀವು ಹೆಂಗಸ್ರು."

"ಓ, ಹೌದಾ. ಮರ್ತೇಹೋಗಿತ್ತು."

ಜನವರಿ ಕೊನೆಗೆ ಕಳಸದ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಟ್ಟರು. ನಲವತ್ತಾರು ಇದ್ದದ್ದು ಒಂದಕ್ಕಿಂತ ಕೆಳಗೆ, ಸೊನ್ನೆ ಪಾಯಿಂಟ್ ಎಂಟಕ್ಕೆ ಇಳಿದಿತ್ತು. ದೇವೇಂದ್ರ ಕಾಗದವನ್ನು ರಾಜೇಶನಿಗೆ ತೋರಿಸಿದ. ರಾಜೇಶ್ ಕನ್ನಡಕ ಏರಿಸಿ ನೋಡಿ, "ನಾರ್ಮಲ್ ಅಂತಲೇ ಇದೆಯಲ್ಲ ಮಾರಾಯ! ಇನ್ನೆಂತ ಕಿರಣ, ಎಂತ ಕರೆಂಟು? ಇಲ್ದೇ ಇರೋ ರೋಗಕ್ಕೆ ಮೈ ಸುಟ್ಕೊಳ್ತಾರಾ?" ಎಂದ. ಮೆಣಸು ಕೊಯ್ಲು ಆಗ ತಾನೇ ಶುರುವಾಗುತ್ತಿತ್ತು. ಆ ವರ್ಷ ಬಳ್ಳಿ ಒಳ್ಳೆಯ ಫಸಲು ಹಿಡಿದಿತ್ತು. ಏಣಿ ಹತ್ತುವವರು ಸಾಕಷ್ಟು ಸಿಕ್ಕಿರಲಿಲ್ಲ. ಮಾತಿನ ಹಿಂದೆ ಇದ್ದದ್ದು ಇಷ್ಟೇ. ರಾಜೇಶ್ ಡಾಕ್ಟರನಲ್ಲ, ಕೆಟ್ಟವನೂ ಅಲ್ಲ. ಅವನಿಗೆ ಎರಡು ಪಟ್ಟಿ ತುಂಬಬೇಕಿತ್ತು, ಅಷ್ಟೆ.

ಫೆಬ್ರವರಿ ಐದಕ್ಕೆ ಎರಡನೇ ಇಂಜೆಕ್ಷನ್. ಹನ್ನೆರಡಕ್ಕೆ ಕಿರಣದ ಅಳತೆಗೆ ಸ್ಕ್ಯಾನ್. ಐದನೇ ತಾರೀಕು ಯಶೋದಾ ಹೊರಟು ನಿಂತಾಗ ದೇವೇಂದ್ರ, "ನೀನು ಸಂಬಳ ಯಾಕೆ ಕಳ್ಕೊಳ್ತೀಯ? ನಾನೇ ಬೈಕಲ್ಲಿ ಕರ್ಕೊಂಡು ಹೋಗ್ತೀನಿ," ಎಂದ. ಅಪ್ಪ ಮಗ ನಸುಕಿನಲ್ಲಿ ಹೊರಟು ಸಂಜೆ ಬಂದರು. ಬರುವಾಗ ಧನ್ಯಾಳಿಗೆ ಬ್ರೆಡ್ಡು, ಗಿಡ್ಡಮ್ಮನಿಗೆ ವೀಳ್ಯದೆಲೆ ತಂದರು.

"ಹಾಕಿದ್ರಾ?" ಎಂದು ಗಿಡ್ಡಮ್ಮ ಕೇಳಿದಳು.

"ಹಾಕಿದ್ರು," ಎಂದ ಗುರುವಯ್ಯ.

"ಕಿರಣ?"

"ಲೆಕ್ಕ ಇಳಿದಿದೆಯಲ್ಲವ್ವ," ಎಂದ ದೇವೇಂದ್ರ. "ಈಗ ಬೇಡ, ಮುಂದೆ ನೋಡೋಣ ಅಂದ್ರು. ಏಣಿನೂ ಹತ್ಬಹುದಂತೆ."

ಯಶೋದಾ ಫೈಲ್ ಕೇಳಿದಳು. ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದಾರೆ ಎಂದರು. ಅವಳಿಗೆ ನಂಬಿಕೆ ಬರಲಿಲ್ಲ. ಆದರೆ ಮಾವನ ಮಾತು, ಗಂಡನ ಮಾತು. ಮಾರನೆಯ ದಿನ ರಾಜೇಶ್ ಗಂಡಾಳು ಪಟ್ಟಿಯಲ್ಲಿ ಮೊದಲ ಹೆಸರಾಗಿ ಗುರುವಯ್ಯನನ್ನು ಓದಿದ. ಗುರುವಯ್ಯ ಮೂರು ತಿಂಗಳಾದ ಮೇಲೆ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ತಿಂದ.

ತೋಟದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ತಿಂಗಳ ಕೊನೆಯ ಶನಿವಾರ ಅರ್ಧ ದಿನ ರಜೆ ಹಾಕಿ ಯಶೋದಾ ದಿನಸಿಗೆಂದು ಕಳಸಕ್ಕೆ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಂದೇ ನಂಬರಿನಿಂದ ಆರು ಕರೆ ಬಂದು ಹೋಗಿದ್ದ ಸಂದೇಶ ಸಾಲಾಗಿ ಬಿತ್ತು. ತಿರುಗಿ ಮಾಡಿದಳು. ಆಸ್ಪತ್ರೆಯ ಹುಡುಗಿ ಎತ್ತಿಕೊಂಡಳು.

"ಗುರುವಯ್ಯ ಅವರ ಮನೆಯವರಾ? ಐದಕ್ಕೆ ಇಂಜೆಕ್ಷನಿಗೆ ಬರ್ಲಿಲ್ಲ, ಹನ್ನೆರಡಕ್ಕೆ ಸ್ಕ್ಯಾನಿಗೂ ಬರ್ಲಿಲ್ಲ. ಡಾಕ್ಟ್ರು ದಿನಾ ಕೇಳ್ತಾ ಇದಾರೆ. ಎಂತ ಆಯ್ತು?"

ಯಶೋದಾ ಬೇಳೆ, ಎಣ್ಣೆ, ಸೋಪು ತೆಗೆದುಕೊಂಡು ಮನೆಗೆ ಬಂದಳು. ಚೀಲ ಇಳಿಸಿ ಅತ್ತೆಗೆ ಮೊದಲು ಅದನ್ನೇ ಹೇಳಿದಳು. ಗಿಡ್ಡಮ್ಮ ಒಲೆ ಹೊತ್ತಿಸಿದಳು. ಗಂಜಿ ಬೇಯಿಸಿದಳು, ಕೆಸುವಿನ ಸೊಪ್ಪಿನ ಪಲ್ಯ ಮಾಡಿದಳು. ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆ ಕೇಳಿದಳು.

"ಐದನೇ ತಾರೀಕು ಅಪ್ಪ ಮಗ ಎಲ್ಲಿಗೆ ಹೋಗಿದ್ರಿ?"

ದೇವೇಂದ್ರ ಹೆಂಡತಿಯ ಕಡೆ ನೋಡಿದ. "ಎಲ್ಲಿಗೆ ಅಂದ್ರೆ?"

"ಆಸ್ಪತ್ರೆಯಿಂದ ಫೋನ್ ಬಂದಿತ್ತು," ಎಂದಳು ಯಶೋದಾ.

"ಕಾರ್ಕಳದ ತನಕ ಹೋಗಿದ್ವಿ," ಎಂದ ಗುರುವಯ್ಯ, ಮಗನಿಗಿಂತ ಮೊದಲು. "ಅಲ್ಲೇ ಊಟ ಮಾಡಿ ಬಂದ್ವಿ. ಬೇಡ ಅಂದೋನು ನಾನೇ. ಇವ್ನನ್ನ ಬೈಬೇಡ."

"ಇವನಿಗೂ ಇದೆ, ತಡೀರಿ. ಯಾಕೆ ಬೇಡ?"

"ಲೆಕ್ಕ ಇಳೀತಲ್ಲ."

"ಇಂಜೆಕ್ಷನ್ನಿಂದ ಇಳಿದದ್ದು ಮಾವ," ಎಂದಳು ಯಶೋದಾ. "ಊಟ ನಿಂತಿದ್ದಕ್ಕೆ ಮಲಗಿದೆ, ಸತ್ತಿಲ್ಲ. ಕಿರಣ ಕೊಟ್ರೇ ಸಾಯೋದು. ಈಗ ಊಟನೂ ಮತ್ತೆ ಹಾಕೋಕೆ ಹೊರಟಿದೀರಿ."

"ನಿಂಗೆ ಎಲ್ಲಾ ಗೊತ್ತು, ಅಲ್ವಾ? ದೊಡ್ಡ ಡಾಕ್ಟ್ರು," ಎಂದ ದೇವೇಂದ್ರ.

"ನಂಗೆ ಗೊತ್ತಿಲ್ಲ. ಗೊತ್ತಿರೋರು ಹೇಳಿದ್ದನ್ನ ಕೇಳ್ಕೊಂಡು ಬಂದೆ. ನೀವು ರೈಟ್ರನ್ನ ಕೇಳ್ಕೊಂಡು ಬಂದ್ರಿ."

"ಲೆಕ್ಕದ ಮಾತು ಬಿಡಿ," ಎಂದಳು ಗಿಡ್ಡಮ್ಮ ಗಂಡನಿಗೆ. "ನಿಜ ಹೇಳಿ. ಯಾಕೆ ಬೇಡ?"

ಗುರುವಯ್ಯನ ದನಿ ಏರಿತು. "ಯಾಕೆ ಅಂತ ನಿಂಗೊತ್ತಿಲ್ವಾ? ಮೂವತ್ತು ವರ್ಷ ಮರದ ತುದಿಲಿ ನಿಂತು ದುಡಿದೋನು ನಾನು. ಅಷ್ಟು ಜನದ ಮುಂದೆ ನನ್ನನ್ನ ಹೆಣ್ಣಾಳು ಅಂತ ಓದಿದ್ನಲ್ಲ ಅವ್ನು! ಎರಡು ವರ್ಷ ಹಂಗೆ ಓದಿಸ್ಕೊಂಡು ಬದುಕೋ ಬದಲು..."

"ಸಾಯ್ತೀರಾ?"

ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

"ನಾನು ಮೂವತ್ನಾಲ್ಕು ವರ್ಷದಿಂದ ಹಂಗೇ ಓದಿಸ್ಕೊಳ್ತಾ ಇದೀನಿ," ಎಂದಳು ಗಿಡ್ಡಮ್ಮ. "ಈ ಗಂಜಿ ಆ ಪಟ್ಟಿದೇ. ಈ ಮನೆ ನಿಂತಿರೋದು ನಿಮ್ಮದೊಂದೇ ಹೆಸ್ರಲ್ಲಿ ಅಲ್ಲ. ದೇವೇಂದ್ರನ್ನ ಹೆತ್ತು ಇಪ್ಪತ್ತೆಂಟನೇ ದಿನಕ್ಕೆ ಅದೇ ಪಟ್ಟಿಲಿ ಹೆಸ್ರು ಓದಿಸ್ಕೊಂಡು ಚೀಲ ಹೊತ್ತೆ. ನಂಗೆ ಆದ್ರೆ ಕೆಲ್ಸ, ನಿಮ್ಗೆ ಆದ್ರೆ ಸಾವಾ? ನನ್ನ ಪಕ್ಕ ನಿಂತು ಹಣ್ಣು ಕಿತ್ರೆ ನಿಮ್ ಜೀವನೇ ಬೇಡ ಅನ್ನೋಷ್ಟು ಕೀಳಾ ನಾನು?"

"ನಾನು ಹಂಗಂದ್ನಾ?"

"ಹಂಗೇ ಅಂದಿದ್ದು. ಕಾರ್ಕಳದಲ್ಲಿ ಕೂತು ಊಟ ಮಾಡಿದ್ರಲ್ಲ, ಅದ್ರ ಅರ್ಥ ಅದೇ."

ಧನ್ಯಾ ತಟ್ಟೆ ಹಿಡಿದು ಎದ್ದಳು.

"ಮಂಗಳವಾರ ಹೊರಡೋದು," ಎಂದಳು ಗಿಡ್ಡಮ್ಮ. "ಇಂಜೆಕ್ಷನ್ನೂ ಆಗ್ಬೇಕು, ಕಿರಣನೂ ಆಗ್ಬೇಕು. ನಾನು ಹೋಗ್ತೀನಿ ಜೊತೆಗೆ. ಯಶೋದಾ ಬೇಡ. ಅವ್ಳ ಹೆಸ್ರು ಪಟ್ಟಿಲಿ ಇರ್ಲಿ."

"ಒಂದು ತಿಂಗ್ಳು ನೀನು ಅಲ್ಲಿದ್ರೆ ಇಲ್ಲಿ ಅಡುಗೆ?" ಎಂದ ದೇವೇಂದ್ರ. "ಯಶೋದಾ ಏಳೂವರೆಗೆ ಕಣದಲ್ಲಿರ್ಬೇಕು."

"ನೀನು ಟ್ರ್ಯಾಕ್ಟರ್ ತೆಗೆಯೋದು ಎಷ್ಟು ಹೊತ್ತಿಗೆ?"

"ಒಂಬತ್ತಕ್ಕೆ."

"ಮತ್ತೆ?"

"ನಂಗೆ ಅನ್ನ ಮಾಡೋಕೆ ಎಲ್ಲವ್ವ ಬರುತ್ತೆ?"

"ಅಕ್ಕಿಗೆ ನೀರು ಹಾಕಿದ್ರೆ ಬೇಯುತ್ತೆ," ಎಂದಳು ಯಶೋದಾ. "ಗೇರು ಬದ್ಲಾಯ್ಸೋದೇನೂ ಇಲ್ಲ ಅದ್ರಲ್ಲಿ."

ಸೋಮವಾರ ರಾಜೇಶ್ ಪಟ್ಟಿ ತೆರೆಯುವ ಮೊದಲೇ ಗಿಡ್ಡಮ್ಮ ಅವನ ಮುಂದೆ ಹೋಗಿ ನಿಂತಳು.

"ರೈಟ್ರೇ, ನಂಗೆ ಒಂದು ತಿಂಗ್ಳು ರಜೆ ಬೇಕು. ಇವ್ರಿಗೂ ಬೇಕು. ಆಸ್ಪತ್ರೆಗೆ."

"ಮೆಣಸಿನ ಟೈಮಲ್ಲಾ? ಗುರುವಯ್ಯಂಗೆ ವಾಸಿ ಆಯ್ತಲ್ಲ ಗಿಡ್ಡಮ್ಮ?"

"ಯಾರು ಹೇಳಿದ್ದು?"

"ರಿಪೋರ್ಟ್ ನಾನೇ ನೋಡಿದೆ."

"ನೀವು ಕಾಫಿ ತೂಕ ನೋಡ್ತೀರಿ. ಅದನ್ನೇ ಎರಡು ಕೆ.ಜಿ. ಕಮ್ಮಿ ಬರ್ಕೊಳ್ತೀರಿ. ರಿಪೋರ್ಟ್ ನೋಡೋಕೆ ಬೇರೆ ಜನ ಇದಾರೆ."

ಗಂಡಾಳುಗಳ ಕಡೆಯಿಂದ ನಗು ಬಂತು. ರಾಜೇಶನ ಮುಖ ಬಿಗಿಯಿತು. "ಮಾತು ಜಾಸ್ತಿ ಆಯ್ತು. ಒಂದು ತಿಂಗ್ಳು ಬರ್ದೇ ಇದ್ರೆ ಹೆಸ್ರು ಹೊಡೆದು ಹಾಕ್ಬೇಕಾಗುತ್ತೆ. ಸಾವ್ಕಾರ್ರ ಆರ್ಡರ್."

"ಆರ್ಡರ್ ತೋರ್ಸಿ. ಅವತ್ತು ಇವ್ರ ಚೀಟಿ ಓದಿದ್ರಲ್ಲ ಅಷ್ಟು ಗಟ್ಟಿಯಾಗಿ, ಇದನ್ನೂ ಓದಿ. ಇನ್ನೊಬ್ರ ರೋಗ ಕಣದಲ್ಲಿ ನಿಂತು ಓದಿ ಅಂತಾನೂ ಆರ್ಡರ್ ಇದ್ಯಾ? ಭಾರ ಬೇಡ ಅಂತ ಬರ್ದಿದ್ರು, ಹೆಣ್ಣಾಳಿಗೆ ಹಾಕಿದ್ರಿ. ಆ ಚೀಲ ಏನು ಹತ್ತಿ ತುಂಬಿದ್ದಾ? ಇವ್ರ ಚೀಲ ಮೂರು ತಿಂಗ್ಳು ಹೊತ್ತಿದ್ದು ನಾನು. ನನ್ನ ಮಂಡಿಗೆ ಯಾರು ಚೀಟಿ ಕೊಡ್ತಾರೆ?"

ರಾಜೇಶ್ ಪಟ್ಟಿಯ ಹಾಳೆ ತಿರುವಿದ. ಅವನ ಹತ್ತಿರ ಕಾಗದದಲ್ಲಿ ಯಾವ ಆರ್ಡರೂ ಇರಲಿಲ್ಲ. ಇಪ್ಪತ್ತು ಹೆಂಗಸರಲ್ಲಿ ಒಬ್ಬಳೂ ಮುಂದೆ ಬಂದು ಗಿಡ್ಡಮ್ಮನ ಪಕ್ಕ ನಿಲ್ಲಲಿಲ್ಲ. ಎಲ್ಲರಿಗೂ ಅವರವರ ಮನೆಯಿತ್ತು. ಆದರೆ ಕುಕ್ಕೆಯನ್ನೂ ಯಾರೂ ಎತ್ತಲಿಲ್ಲ. ಹಿಂದಿನಿಂದ ರುದ್ರಾಣಿ ಬೇಸರದ ದನಿಯಲ್ಲಿ ಹೇಳಿದಳು.

"ರಜೆ ಬರ್ಕೊಂಡುಬಿಡಿ ರೈಟ್ರೇ. ಬಿಸಿಲೇರ್ತಾ ಇದೆ."

ರಾಜೇಶ್ ಬರೆದುಕೊಂಡ.

ಗುರುವಯ್ಯ ಅಷ್ಟು ಹೊತ್ತೂ ಗಂಡಾಳುಗಳ ನಡುವೆ ನೆಲ ನೋಡುತ್ತಾ ನಿಂತಿದ್ದ. ಸಂಜೆ ಮನೆಯಲ್ಲಿ ಸಿಡಿದ. "ಊರಿಗೆಲ್ಲ ಡಂಗುರ ಸಾರಿದ್ಯಲ್ಲ. ನಾನು ಬರಲ್ಲ. ನೀನೇ ಹೋಗಿ ಹಾಕಿಸ್ಕೊಂಡು ಬಾ ಇಂಜೆಕ್ಷನ್ನು."

"ಹೋಗ್ತೀನಿ," ಎಂದಳು ಗಿಡ್ಡಮ್ಮ ಬಟ್ಟೆ ಮಡಚುತ್ತಾ. "ನೀವು ಬರ್ದಿದ್ರೂ ಹೋಗ್ತೀನಿ. ಪಾಪ, ಆ ಡಾಕ್ಟರಮ್ಮ ದಿನಾ ಕೇಳ್ತಾ ಇದಾರಂತೆ. ಯಾಕೆ ಬರ್ಲಿಲ್ಲ ಅಂತ ಹೋಗಿ ಹೇಳಿ ಬರ್ತೀನಿ."

ಮಂಗಳವಾರ ಬೆಳಿಗ್ಗೆ ಆರಕ್ಕೆ ಅವಳು ಎರಡು ಚೀಲ ಹಿಡಿದು ಗೇಟಿನ ಹತ್ತಿರ ನಿಂತಳು. ಬಸ್ಸಿನ ಲೈಟು ತಿರುವಿನಲ್ಲಿ ಕಂಡಾಗ ಗುರುವಯ್ಯ ಅಂಗಿಯ ತೋಳು ಏರಿಸುತ್ತಾ ಓಡುವಂತೆ ಬಂದು ಒಂದು ಚೀಲ ಕಿತ್ತುಕೊಂಡ. ಹಿಂದಿನಿಂದ ದೇವೇಂದ್ರ ಬಂದ. ಕೈಯಲ್ಲಿ ಫೈಲ್ ಇತ್ತು. ಇಷ್ಟು ದಿನ ಅದನ್ನು ಟ್ರ್ಯಾಕ್ಟರಿನ ಸೀಟಿನಡಿ ಇಟ್ಟಿದ್ದ. ತಾಯಿಗೆ ಕೊಟ್ಟು, "ಬೇಳೆಗೆ ಎಷ್ಟು ನೀರು?" ಎಂದು ಕೇಳಿದ.

"ಹೆಂಡ್ತಿನ ಕೇಳು. ಮರ್ಯಾದೆಯಿಂದ ಕೇಳು," ಎಂದಳು ಗಿಡ್ಡಮ್ಮ ಬಸ್ಸು ಹತ್ತುತ್ತಾ.

ಮಂಗಳೂರಿನಲ್ಲಿ ಕಿರಣದ ವಿಭಾಗದ ಹೊರಗೆ ಹತ್ತು ಹನ್ನೆರಡು ಗಂಡಸರು ನೀರಿನ ಬಾಟಲಿ ಹಿಡಿದು ಕೂತಿದ್ದರು. ಮೂತ್ರಚೀಲ ತುಂಬಿಸಿಕೊಂಡೇ ಕಿರಣದ ಯಂತ್ರದಡಿ ಮಲಗಬೇಕಂತೆ. ಕೆಲವರು ಮೊಣಕಾಲು ಅಲ್ಲಾಡಿಸುತ್ತಿದ್ದರು. ಪಂಚೆಯುಟ್ಟ ಒಬ್ಬರು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಾ, "ನಿಮಗೂ ಸೆಕೆ ಉಂಟಾ?" ಎಂದು ಗುರುವಯ್ಯನನ್ನು ಕೇಳಿದರು. ಗುರುವಯ್ಯ ಹೌದೆಂದು ತಲೆಯಾಡಿಸಿದ. "ನಂದು ಇದು ಹದಿಮೂರನೇ ದಿನ. ಎಷ್ಟು ಬೆವರಿದ್ರೂ ಬೆಳಿಗ್ಗೆ ಏಳ್ತೇನಲ್ಲ, ಸಾಕು ಮಾರಾಯ್ರೆ," ಎಂದರು ಅವರು.

ಒಳಗೆ ಡಾಕ್ಟರಮ್ಮ ಫೈಲ್ ತಿರುವಿದರು. ಬೈಯಲಿಲ್ಲ. ರಕ್ತ ಮತ್ತೆ ನೋಡಬೇಕು, ಇಂಜೆಕ್ಷನ್ ಇವತ್ತೇ, ಗುರುವಾರ ಅಳತೆ ಸ್ಕ್ಯಾನ್, ಆಮೇಲಿನ ವಾರದಿಂದ ಕಿರಣ ಎಂದರು.

"ತಡ ಆಗಿದ್ದಕ್ಕೆ ತೊಂದ್ರೆ ಆಗಿದ್ಯಾ ಅಮ್ಮ?" ಎಂದು ಗಿಡ್ಡಮ್ಮ ಕೇಳಿದಳು.

"ಈಗಲೇ ಹೇಳಕ್ಕಾಗಲ್ಲಮ್ಮ. ಆಗಿಲ್ಲ ಅಂತ ಸುಳ್ಳು ಹೇಳಲ್ಲ ನಾನು. ಇನ್ನು ಒಂದು ದಿನಾನೂ ತಪ್ಪಿಸ್ಬೇಡಿ." ಅವರು ಪೆನ್ನು ತೆಗೆದರು. "ಗುರುವಯ್ಯ ಅವ್ರೇ, ಕಾರಣ ಬರ್ಕೊಳ್ಬೇಕು. ಯಾಕೆ ಬರ್ಲಿಲ್ಲ? ಬಸ್ಸಿನ ತೊಂದ್ರೆನಾ?"

ಗುರುವಯ್ಯ ಆ ನೆಪವನ್ನೇ ಒಪ್ಪಿಕೊಳ್ಳುವವನಂತೆ ತಲೆ ಎತ್ತಿದ.

"ಬಸ್ ಇತ್ತು," ಎಂದಳು ಗಿಡ್ಡಮ್ಮ. "ಈ ಇಂಜೆಕ್ಷನ್ ತಗೊಂಡ್ರೆ ನನ್ನ ಜೊತೆ ನಿಂತು ಕೆಲ್ಸ ಮಾಡ್ಬೇಕಾಗುತ್ತೆ. ಅದಕ್ಕೆ ನಾಚಿಕೆ ಆಯ್ತು ಇವ್ರಿಗೆ. ಹಂಗೇ ಬರ್ಕೊಳ್ಳಿ."

ಡಾಕ್ಟರಮ್ಮ ಪೆನ್ನು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಗುರುವಯ್ಯನ ಮುಖ ನೋಡಿದರು. ಅವನು ಇಲ್ಲ ಎನ್ನಲಿಲ್ಲ. ನರ್ಸು ಟ್ರೇ ಹಿಡಿದು ಬಂದು ಹೊಟ್ಟೆಯ ಮೇಲೆ ಚುಚ್ಚಬೇಕು ಎಂದಳು. ಅವನು ಅಂಗಿಯ ಕೆಳಗಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.